ಗೊಂಬೆಗೆ ಕುಡಿಸಿದ ಸಕ್ಕರೆ ನೀರು

ಬಾಗಲಕೋಟೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಪಾಠಕ್ಕಿಂತ ಹೆಚ್ಚಾಗಿ ಗೊಂಬೆ ಕಾಯುತ್ತೇನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೇನಲ್ಲ. ನಮ್ಮಲ್ಲಿ ಸಿಮ್ಯುಲೇಶನ್ ಲ್ಯಾಬ್ ಶುರುವಾದಾಗ ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಆಸ್ಪತ್ರೆಯ ವಾರ್ಡಿನ ಹಾಗೆಯೇ ಅಲ್ಲಿ ಮಂಚ, ಸಲೈನ್ ಸ್ಟ್ಯಾಂಡು, ಮಾನಿಟರು ಇವೆ. ಮಂಚದ ಮೇಲೆ ಆಳೆತ್ತರದ ಗೊಂಬೆ ಮಲಗಿದೆ. ಅದರ ನಾಡಿ ಬಡಿಯುತ್ತದೆ, ಎದೆ ಏರಿಳಿಯುತ್ತದೆ. ಪಕ್ಕದ ಗಾಜಿನ ಕೋಣೆಯಲ್ಲಿ ಕುಳಿತವನು ಕಂಪ್ಯೂಟರಿನಿಂದ ಅದರ ಬಿಪಿ ಏರಿಸಬಹುದು, ಇಳಿಸಬಹುದು. ಅವನು ಮೈಕಿನಲ್ಲಿ ಮಾತಾಡಿದರೆ ಮಾತು ಗೊಂಬೆಯ ತಲೆಯೊಳಗಿಂದ ಹೊರಡುತ್ತದೆ. ಗಾಜು ಎಂಥದ್ದೆಂದರೆ, ಒಳಗಿನವನಿಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಏನೂ ಕಾಣುವುದಿಲ್ಲ. ವಿದ್ಯಾರ್ಥಿಗಳು ಜೀವಂತ ರೋಗಿಯ ಮೇಲೆ ತಪ್ಪು ಮಾಡುವ ಮೊದಲು ಗೊಂಬೆಯ ಮೇಲೆ ಮಾಡಿ ಕಲಿಯಲಿ ಎಂಬುದು ಈ ಎಲ್ಲ ವ್ಯವಸ್ಥೆಯ ಉದ್ದೇಶ.

ಒಳಗಿನವನು ನಾನು. ಆ ಕುರ್ಚಿಯಲ್ಲಿ ಕುಳಿತ ಮೊದಲ ವಾರವೇ ನನ್ನೊಳಗೆ ಒಬ್ಬ ದೊಡ್ಡ ನಟ ಇದ್ದಾನೆಂದು ನನಗೆ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಾಗದಿದ್ದುದು ಅವರ ತಪ್ಪು. ಬೇವೂರಿನ ಒಬ್ಬ ಅಜ್ಜಿಯನ್ನು ನಾನೇ ಹುಟ್ಟಿಸಿದೆ. ಆಕೆಗೆ ಎದೆನೋವು, ಸೊಸೆಯ ಮೇಲೆ ಸಿಟ್ಟು, ಗುಳಿಗೆ ಎಂದರೆ ಆಗದು. ಆಕೆಯ ದನಿಯನ್ನು ನಾನು ಬಚ್ಚಲಿನಲ್ಲಿ ರೂಢಿ ಮಾಡುತ್ತಿದ್ದೆ. ಒಂದು ದಿನ ಹೆಂಡತಿ ಬಾಗಿಲು ಬಡಿದು, "ಒಳಗ ಯಾರದಾರ್ರಿ ನಿಮ್ಮ ಜೋಡಿ?" ಎಂದು ಕೇಳಿದಳು. ಅದನ್ನು ನಾನು ಪ್ರಶಸ್ತಿ ಎಂದೇ ತಿಳಿದೆ.

ಗೊಂಬೆಯ ಮೈಬಣ್ಣ, ಮೂಗು ಯಾವುದೂ ನಮ್ಮ ಕಡೆಯದಲ್ಲ. ಅದಕ್ಕೇ ಅವ್ವನ ಹಳೆಯ ಇಳಕಲ್ ಸೀರೆ ಬೇಡಿದೆ. "ಗೊಂಬಿಗೆ ನನ್ನ ಸೀರಿ ಬೇಕೇನ? ಒಯ್ಯಿ. ಆದ್ರ ನೆಟ್ಟಗ ಉಡಸು, ನೋಡಿದವ್ರು ನಗಬಾರದು," ಎಂದು ಅವ್ವ ಕೊಟ್ಟಳು. ನಾನು ಉಡಿಸಿದೆ, ನೋಡಿದವರು ನಕ್ಕರು. ಕೊನೆಗೆ ಇಳಕಲ್ಲಿನಿಂದಲೇ ಬಂದ ಒಬ್ಬ ವಿದ್ಯಾರ್ಥಿನಿ ಅದನ್ನೆಲ್ಲ ಬಿಚ್ಚಿ ಮತ್ತೊಮ್ಮೆ ಉಡಿಸಿದಳು. ಮೂರನೆಯ ವರ್ಷದ ಹುಡುಗಿ. ಮಾತು ಕಡಿಮೆ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುವವಳು.

ಆ ಹುಡುಗಿಯ ತಂಡದ ಸರದಿ ಬಂದ ದಿನದ ಸಂಗತಿ ಇದು.

ನಾನು ಹುನಗುಂದದಿಂದ ದಿನಾ ಬಸ್ಸಿಗೆ ಬರುತ್ತೇನೆ. ಕೆಲವು ವರ್ಷಗಳಿಂದ ನನಗೆ ಸಕ್ಕರೆ ಕಾಯಿಲೆ. ಮುಂಜಾನೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡು ಹೊಟ್ಟೆಗೆ ತಿನ್ನಬೇಕು. ಸೂಜಿ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಇರಬಾರದೆಂದು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು ಹೇಳುತ್ತೇನೆ. ಅಂದು ಸೂಜಿ ಚುಚ್ಚಿಕೊಂಡೆ, ಬಸ್ಸಿಗೆ ಹೊತ್ತಾಗಿತ್ತು, ಕಾಲೇಜಿನ ಕ್ಯಾಂಟೀನಿನಲ್ಲಿ ತಿಂದರಾಯಿತು ಎಂದುಕೊಂಡು ಓಡಿದೆ. ಕಾಲೇಜಿಗೆ ಬಂದರೆ ಗೊಂಬೆಯೂ ಕಂಪ್ಯೂಟರೂ ಒಂದಕ್ಕೊಂದು ಮಾತು ಬಿಟ್ಟಿದ್ದವು. ವೈರು ಕಿತ್ತು, ಹಾಕಿ, ಮತ್ತೆ ಕಿತ್ತು, ಅವೆರಡರ ರಾಜಿ ಮಾಡಿಸುವಷ್ಟರಲ್ಲಿ ತರಗತಿಯ ಹೊತ್ತಾಯಿತು. ಕ್ಯಾಂಟೀನು ಮರೆತೇ ಹೋಯಿತು.

ತಂಡದ ಮುಂದಾಳು ಇಳಕಲ್ಲಿನ ಹುಡುಗಿ. ಔಷಧದ ಕೆಲಸ ಬಾದಾಮಿಯ ಒಬ್ಬ ಹುಡುಗನದು. ಎಂದಿನಂತೆ ನಾನು ನಿಯಮ ಸಾರಿದೆ: ಪ್ರಯೋಗ ನಡೆದಾಗ ಗಾಜಿನ ಕೋಣೆಯ ಬಾಗಿಲು ಯಾರೂ ತೆರೆಯಬಾರದು, ಪರೀಕ್ಷೆಯ ಫಲಿತಾಂಶ ಕೇಳುವಾಗ ಬಿಟ್ಟರೆ ಅಲ್ಲಿ ನಾನು ಇಲ್ಲವೆಂದೇ ತಿಳಿಯಬೇಕು, ಮಂಚದ ಮೇಲಿರುವವಳು ನಿಜವಾದ ರೋಗಿ. ಇಷ್ಟು ಹೇಳಿ ಒಳಗೆ ಹೋಗಿ ಕುಳಿತು ಮೈಕು ಹಚ್ಚಿದೆ.

"ಯವ್ವಾ, ಎದಿ ಹಿಡದೈತಿ," ಎಂದೆ ಅಜ್ಜಿಯ ದನಿಯಲ್ಲಿ.

"ಯಾವಾಗಿಂದ್ರಿ ಅಜ್ಜಿ?" ಹುಡುಗಿ ಗೊಂಬೆಯ ಕೈ ಹಿಡಿದು ಕೇಳಿದಳು.

ಎಲ್ಲ ಸರಿಯಾಗಿ ನಡೆದಿತ್ತು. ಸ್ವಲ್ಪ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಕೈ ನಡುಗತೊಡಗಿತು, ದನಿಯೂ ನಡುಗಿತು. ಆಗ ನನಗೆ ಬಂದ ಯೋಚನೆಯನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ: ಇಂದು ಪಾತ್ರ ಪೂರ್ತಿ ಮೈಮೇಲೆ ಬಂದಿದೆ ಎಂದು ನಾನು ಹಿಗ್ಗಿದೆ. ಇಷ್ಟು ದಿನ ಮಾಡಿದ್ದೆಲ್ಲ ಬರೀ ತಾಲೀಮು, ಅಭಿನಯ ಎಂದರೆ ಇದು ಎನಿಸಿತು.

"ಮೈಯೆಲ್ಲಾ ಬೆವರಾಕತ್ತೈತವ್ವಾ. ಕೈ ನಡಗಾಕತ್ತಾವ," ಎಂದೆ.

ಹುಡುಗಿ ಮಾನಿಟರು ನೋಡಿದಳು. ಅಲ್ಲಿ ಏನೂ ಬದಲಾಗಿರಲಿಲ್ಲ, ಏಕೆಂದರೆ ಬದಲಾಯಿಸಬೇಕಾದವನು ನಾನು, ನನಗೆ ಕಂಪ್ಯೂಟರಿನ ಗುಂಡಿಗಳು ಎರಡೆರಡಾಗಿ ಕಾಣುತ್ತಿದ್ದವು. "ಎದಿನೋವಿನ ಕೇಸ್ ಇತ್ತಲ್ಲ, ಇದೇನ ಹೊಸಾದು?" ಎಂದು ಬಾದಾಮಿಯ ಹುಡುಗ ಪಿಸುಗುಟ್ಟಿದ್ದು ಕೇಳಿಸಿತು.

ಆಕೆ ಗೊಂಬೆಯ ಕಿವಿಯ ಹತ್ತಿರ ಬಾಗಿದಳು. "ಅಜ್ಜಿ, ನಿಮಗ ಸಕ್ಕರಿ ಬ್ಯಾನಿ ಐತೇನ್ರಿ?"

"ಹೂಂ."

"ಮುಂಜಾನಿ ಸೂಜಿ ಮಾಡ್ಕೊಂಡೀರಿ?"

"ಹೂಂ."

"ಏನರ ತಿಂದೀರಿಲ್ಲೋ?"

"ಎಲ್ಲೀದವ್ವಾ, ಬಸ್ಸಿಗೆ ಹೊತ್ತಾಗಿತ್ತು."

ಎಲ್ಲವೂ ನಿಜ. ಅಷ್ಟು ನಿಜವಾದ ಉತ್ತರಗಳನ್ನು ನಾನು ನನ್ನ ಡಾಕ್ಟರಿಗೂ ಕೊಟ್ಟವನಲ್ಲ. ಹುಡುಗಿ ತಲೆಯೆತ್ತಿ, "ಸರ್, ಪೇಶಂಟ್ ಶುಗರ್ ಎಷ್ಟೈತ್ರಿ?" ಎಂದು ಗಟ್ಟಿಯಾಗಿ ಕೇಳಿದಳು. ಪ್ರಯೋಗದಲ್ಲಿ ರಕ್ತದ ಫಲಿತಾಂಶವನ್ನು ನಾನು ನನ್ನ ಸ್ವಂತ ದನಿಯಲ್ಲಿ ಹೇಳಬೇಕು. ಸ್ವಂತ ದನಿ ಎಲ್ಲಿಟ್ಟೆನೋ ಸಿಗಲಿಲ್ಲ. "ನನಗೇನ ಗೊತ್ತವ್ವಾ," ಎಂದಳು ಅಜ್ಜಿ.

ಉತ್ತರ ಬಾರದಿದ್ದರೂ ಆಕೆ ಕಾಯಲಿಲ್ಲ. ಸಕ್ಕರೆ ಇಳಿದಿದೆ ಎಂದು ತೀರ್ಮಾನಿಸಿ, ಎಚ್ಚರ ಇದ್ದಾಳೆ, ನುಂಗುತ್ತಾಳೆ, ಬಾಯಿಂದಲೇ ಕೊಡೋಣ ಎಂದು ತಂಡಕ್ಕೆ ಹೇಳಿದಳು. ಬಾದಾಮಿಯವನು ಖಾಲಿ ಲೋಟ ಹಿಡಿದು ಗೊಂಬೆಯ ತಲೆದಿಂಬು ಎತ್ತರಿಸಿದ. "ಸಕ್ಕರಿ ನೀರು ಅದಾವ್ರಿ ಅಜ್ಜಿ, ಸಾವಕಾಶ ಕುಡೀರಿ," ಎಂದ. ಗಾಜಿನ ಈಚೆ ಕುಳಿತು ನಾನು ಬಾಯಿ ತೆರೆದೆ. ಲೋಟ ಗೊಂಬೆಯ ತುಟಿಗೆ ಮುಟ್ಟಿತು. ನಾನು ಗುಟುಕರಿಸಿದೆ.

"ಈಗ ಹೆಂಗ ಅನಸ್ತೈತ್ರಿ?"

"ಇನ್ನೂ ಬಾಯಿಗೆ ಬಂದಿಲ್ಲಪಾ," ಎಂದೆ. ಆಗ ಅಳು ಬರುವಂತಾಗಿತ್ತು. ಎಲ್ಲರೂ ಆರೈಕೆ ಮಾಡುತ್ತಿದ್ದಾರೆ, ನನಗೆ ಮಾತ್ರ ಏನೂ ಮುಟ್ಟುತ್ತಿಲ್ಲ. ಏಕೆಂದು ತಿಳಿಯುವಷ್ಟು ತಲೆ ಓಡುತ್ತಿರಲಿಲ್ಲ.

ಹುಡುಗಿ ಮತ್ತೆ ಬಾಗಿದಳು. ರೋಗಿಗೆ ಎಷ್ಟು ಅರಿವಿದೆ ಎಂದು ನೋಡಲು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು. "ಅಜ್ಜಿ, ನೀವೀಗ ಎಲ್ಲಿ ಅದೀರಿ, ಹೇಳ್ರಿ ನೋಡೂಣು."

"ಗಾಜಿನ ಖೋಲ್ಯಾಗ," ಎಂದೆ.

ಆಕೆಯ ಕೈ ನಿಂತಿತು. ಗೊಂಬೆಯನ್ನು ನೋಡಿದಳು. ಗಾಜಿನ ಕಡೆ ತಿರುಗಿದಳು. ಅದರಲ್ಲಿ ಆಕೆಗೆ ಕಂಡದ್ದು ತನ್ನ ಮುಖ ಮಾತ್ರ. ಒಂದು ಕ್ಷಣ ತಡೆದಳು, ಆಮೇಲೆ ಓಡಿಬಂದು ಬಾಗಿಲು ದೂಡಿದಳು.

"ಸರ್! ಅಜ್ಜಿಗಲ್ಲ, ಸರ್‌ಗೇ ಆಗೇತಿ, ಬರ್ರೆಲ್ಲಾ!"

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಯಾರೋ ನನ್ನನ್ನು ಕುರ್ಚಿಗೆ ಒರಗಿಸಿದರು. ಮೇಜಿನ ಮೇಲೆ ಅಮೀನಗಡದ ಕರದಂಟಿನ ಡಬ್ಬಿ ಇತ್ತು, ಯಾರೋ ಪೋಷಕರು ಕೊಟ್ಟದ್ದು. ನನ್ನ ಕೈ ತಾನಾಗಿ ಅದರತ್ತ ಹೋಯಿತು. ಹುಡುಗಿ ಡಬ್ಬಿಯನ್ನು ಆಚೆ ಸರಿಸಿದಳು. "ಅದು ಬ್ಯಾಡ್ರಿ ಸರ್. ತುಪ್ಪದ್ದು ಐತಿ, ಸಕ್ಕರಿ ಲಗೂ ಏರೂದಿಲ್ಲ. ನೀವ ಹೇಳಿದ್ರಿ." ಸ್ಟಾಫ್ ರೂಮಿನ ಚಹಾದ ಸಕ್ಕರೆಯನ್ನು ನೀರಿಗೆ ಕಲಸಿ ಬಾದಾಮಿಯವನು ತಂದ. ಈ ಸಲ ಲೋಟ ತುಂಬಿತ್ತು, ಬಾಯಿಯೂ ನನ್ನದೇ ಆಗಿತ್ತು.

ಬೆರಳು ಚುಚ್ಚಿ ರಕ್ತ ನೋಡಿದ್ದೂ ಆಕೆಯೇ. ಮೇಷ್ಟರ ಬೆರಳಿಗೆ ಸೂಜಿ ಹಾಕಿದ್ದು ಅದೇ ಮೊದಲು, ಸ್ವಲ್ಪ ಆಳಕ್ಕೇ ಇಳಿಸಿದಳು. ಇದರಿಂದ ರೋಗಿಗೆ ನೋವಾಗುವುದಿಲ್ಲ ಎಂದು ತರಗತಿಯಲ್ಲಿ ಹೇಳುತ್ತ ಬಂದ ನಾನು ಲ್ಯಾಬಿನ ಗೋಡೆಗೆ ಮುಟ್ಟುವಂತೆ ಚೀರಿದೆ. ಮೈಕು ಇನ್ನೂ ಹಚ್ಚಿಯೇ ಇತ್ತು. ಆಚೆ ಮಂಚದ ಮೇಲಿದ್ದ ಅಜ್ಜಿಯೂ ನನ್ನ ಜೊತೆ ಚೀರಿದಳು. ಗಂಭೀರವಾಗಿ ನಿಂತಿದ್ದ ತಂಡ ಆಗ ಮೊದಲ ಸಲ ನಕ್ಕಿತು.

ಕಾಲು ಗಂಟೆಯ ನಂತರ ಮತ್ತೆ ಚುಚ್ಚಿದಳು. ಸಕ್ಕರೆ ಏರಿತ್ತು. ಕ್ಯಾಂಟೀನಿನಿಂದ ಉಪ್ಪಿಟ್ಟು ಬಂತು. ನಾನು ಮುಗಿಸುವ ತನಕ ಎಲ್ಲರೂ ಸುತ್ತ ನಿಂತು ನೋಡಿದರು. ಅಷ್ಟರಲ್ಲಿ ಏನೂ ತಿಳಿಯದ ನಮ್ಮ ಪ್ರಿನ್ಸಿಪಾಲ್ ಮೇಡಂ ಬಾಗಿಲಲ್ಲಿ ಇಣುಕಿ, "ಏನ್ರಿ, ಇವತ್ತ ಅಜ್ಜಿ ದನಿ ಆಫೀಸಿನ ತನಕಾ ಬಂತು! ಭಾಳ ಛಲೋ ಮಾಡ್ತೀರಿ ನೋಡ್ರಿ," ಎಂದರು. ಕಲಾವಿದನಾಗಿ ನನಗೆ ಸಿಕ್ಕ ಒಂದೇ ಒಂದು ಹೊಗಳಿಕೆ ಅದು.

ಪ್ರತಿ ಪ್ರಯೋಗದ ನಂತರ ವಿದ್ಯಾರ್ಥಿಗಳನ್ನು ವೃತ್ತಾಕಾರದಲ್ಲಿ ಕೂರಿಸಿ, ಏನು ಸರಿಯಾಯಿತು, ಏನು ತಪ್ಪಿತು ಎಂದು ಕೇಳುವುದು ಕ್ರಮ. ಅಂದು ಅವರು ನನ್ನನ್ನು ನಡುವೆ ಕೂರಿಸಿದರು. ಬಾದಾಮಿಯವನು ನನ್ನದೇ ಧಾಟಿಯಲ್ಲಿ, "ಪೇಶಂಟ್ ಎಲ್ಲಿ ತಪ್ಪಿದ್ರು ಅನ್ನೂದನ್ನ ಅವರ ಬಾಯಿಂದನ ಕೇಳೂಣ್ರಿ," ಎಂದ. ಹೇಳಿದೆ. ಬೇರೆ ದಾರಿ ಇರಲಿಲ್ಲ.

ಆಮೇಲೆ ಇಳಕಲ್ಲಿನ ಹುಡುಗಿಯನ್ನು ಕೇಳಿದೆ: "ನಿನಗ ಮೊದಲ ಅನುಮಾನ ಬಂದಿದ್ದಿಲ್ಲೇನವ?"

"ಬಂದಿತ್ರಿ ಸರ್. ಅಜ್ಜಿ ಬಸ್ಸು ಅಂದಾಗ ಬಂದಿತ್ತು." ಆಕೆ ನೆಲ ನೋಡುತ್ತ ಹೇಳಿದಳು. "ಬಾಗಲಾ ತಗೀಬಾರದು ಅಂದಿದ್ರಿ. ತಗದ ಮ್ಯಾಲೆ ಸುಳ್ಳು ಆಗಿದ್ರ ಬೈತೀರಿ ಅಂತ ಅಂಜಿದ್ನಿ."

ಉಪ್ಪಿಟ್ಟಿನ ಮೇಲೆ ಬಂದ ಧೈರ್ಯವೆಲ್ಲ ಅಲ್ಲಿಗೆ ಇಳಿಯಿತು. ಬೈಯುತ್ತಿದ್ದೆ ಎಂಬುದರಲ್ಲಿ ನನಗೂ ಸಂಶಯವಿರಲಿಲ್ಲ. "ಇವತ್ತ ನೀ ತಗದದ್ದ ಬರೋಬ್ಬರಿ," ಎಂದೆ. ಆಕೆ ತಲೆ ಎತ್ತಿ ನಕ್ಕಳು.

ಅಲ್ಲಿಯೇ ಕುಳಿತು ನಾವು ಹೊಸ ನಿಯಮ ಮಾಡಿದೆವು. ಪ್ರಯೋಗದ ನಡುವೆ ಯಾರೇ ಆಗಲಿ, ಗಾಜಿನ ಒಳಗಿನವನಾಗಲಿ ಹೊರಗಿನವರಾಗಲಿ, "ಖರೆ", ಇದು ನಿಜ, ಎಂದರೆ ಆಟ ಅಲ್ಲಿಗೇ ನಿಲ್ಲಬೇಕು. ಅಂದವರನ್ನು ಯಾರೂ ಬೈಯಬಾರದು. ಮೊದಲ ವಾರ ಆ ಪದ ಬಹಳ ಅಗ್ಗವಾಯಿತು. ಗೊಂಬೆಯ ಕಾಲು ಕಳಚಿ ಬಿದ್ದರೂ ಖರೆ, ಒಬ್ಬಳಿಗೆ ಸೀನು ಬಂದರೂ ಖರೆ. ಮನೆಯಲ್ಲಿ ನನ್ನ ಹೆಂಡತಿಯೂ ಇದನ್ನು ಕಲಿತು, ಮುಂಜಾನೆ ರೊಟ್ಟಿಯ ತಾಟು ಮುಂದಿಟ್ಟು, "ಖರೆ ಐತ್ರಿ, ತಿಂದು ಹೋಗ್ರಿ," ಎನ್ನತೊಡಗಿದಳು.

ಮಳೆಗಾಲದ ಹೊತ್ತಿಗೆ ಹೆರಿಗೆಯ ಪ್ರಯೋಗ ಶುರುವಾಯಿತು. ಅದಕ್ಕೆ ಬೇರೆ ಗೊಂಬೆ. ಬಸುರಿಯ ನೋವಿನ ದನಿಗೆ ನಮ್ಮ ಪ್ರಿನ್ಸಿಪಾಲ್ ಮೇಡಂ ನನ್ನನ್ನು ಬಿಟ್ಟು ಇನ್ನೊಬ್ಬ ಅಧ್ಯಾಪಕಿಯನ್ನು ಕೂರಿಸಿದರು. ನಾನು ಹೊರಗೆ ಮಂಚದ ಹತ್ತಿರ ನಿಂತಿದ್ದೆ. ಕೂಸಿನ ತಲೆ ಕಾಣಿಸುವ ಹೊತ್ತು. ಬಾದಾಮಿಯ ಹುಡುಗ ಕೈಗವಸು ಹಾಕಿಕೊಂಡು ನಿಂತಿದ್ದವನು ಒಮ್ಮೆಲೆ ಹಿಂದೆ ಸರಿದು, "ಖರೆ ರೀ ಸರ್," ಎಂದ.

ಎಲ್ಲ ನಿಂತಿತು. ಅವನ ಮುಖ ಬಿಳಿಚಿತ್ತು. ಅಕ್ಕನನ್ನು ಮುಂಜಾನೆ ಬಾದಾಮಿಯ ದವಾಖಾನೆಗೆ ಹೆರಿಗೆಗೆ ಕರೆದೊಯ್ದಿದ್ದರಂತೆ, ಆಮೇಲೆ ಮನೆಯಿಂದ ಫೋನೇ ಬಂದಿಲ್ಲವಂತೆ. "ಆ ಮೇಡಂ ಒದರೂದು ಕೇಳಿ ನಿಲ್ಲಾಕ ಆಗವಲ್ದು," ಎಂದ.

ಯಾರೂ ನಗಲಿಲ್ಲ. ಇಳಕಲ್ಲಿನ ಹುಡುಗಿ ಅವನ ಕೈಗವಸು ತೆಗೆದಳು. ನಾನು ಅವನನ್ನು ಬಸ್ ಸ್ಟ್ಯಾಂಡಿನ ತನಕ ಗೆಳೆಯನೊಬ್ಬನ ಬೈಕಿನಲ್ಲಿ ಬಿಟ್ಟು, ಬಾದಾಮಿ ಬಸ್ಸು ಹತ್ತಿಸಿ ಬಂದೆ. ಸಂಜೆ ಅವನ ಫೋನು ಬಂತು: ಹೆಣ್ಣು ಕೂಸು, ತಾಯಿ ಕೂಸು ಇಬ್ಬರೂ ಆರಾಮ. ಲ್ಯಾಬಿನಲ್ಲಿ ಗೊಂಬೆಯ ಹೆರಿಗೆ ಅರ್ಧಕ್ಕೆ ನಿಂತಿತ್ತು. ಮರುದಿನ ಅವನು ಪೇಢೆಯ ಡಬ್ಬಿ ಹಿಡಿದು ಬಂದ ಮೇಲೆ ಎಲ್ಲರೂ ಸೇರಿ ಆ ಹೆರಿಗೆ ಮುಗಿಸಿದೆವು.