ಸುಶೀಲಾಬಾಯಿ ಮತ್ತು ನನ್ನ ಗುಜರಾತಿ ಕ್ಯಾಸೆಟ್ಟು

ಸುಶೀಲಾಬಾಯಿಯವರ ಎದುರು "ಗೊತ್ತಿಲ್ಲದೆ ಆಗಿಹೋಯ್ತು" ಎನ್ನುವಂತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಯಾರಿಗೆ ಗೊತ್ತಿಲ್ಲದ?" ಎಂದು ಕೇಳಿಬಿಡುತ್ತಿದ್ದರು. ಧಾರವಾಡದವರು, ವಡೋದರದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಮೈಸೂರಿನಿಂದ ಹೋದ ನಾನೂ ನನ್ನ ಹೆಂಡತಿ ವನಜಾಳೂ ಅವರ ಮಹಡಿಯ ಮೇಲೆ ಬಾಡಿಗೆಗಿದ್ದೆವು.

ವಡೋದರದಲ್ಲೇ ಮೊದಲಿದ್ದ ಮನೆಯಿಂದ ಅಲ್ಲಿಗೆ ಬದಲಿಸಿದ ವಾರದಲ್ಲೇ ನಾನು ಏನೋ ಯೋಚಿಸುತ್ತ ಸ್ಕೂಟರಿನಲ್ಲಿ ನೇರ ಹಳೆಯ ಮನೆಗೆ ಹೋಗಿ, ಬೀಗದ ಕೈ ಹಾಕಿ ತಿರುಗಿಸುತ್ತ ನಿಂತಿದ್ದೆ. ಒಳಗಿದ್ದ ಹೊಸ ಸಂಸಾರದವರು ಬಾಗಿಲು ತೆರೆದು, ಕೂರಿಸಿ, ಚಹಾ ಕೊಟ್ಟು ಕಳಿಸಿದರು. ಬಾಯಿಯವರಿಗೆ ಕಾಲೇಜಿನಲ್ಲಿ ಅಭ್ಯಾಸಬಲದ ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. "ಸ್ಕೂಟರಿಗೆ ಹಾದಿ ಗೊತ್ತದ ರಾಯರ. ಮ್ಯಾಲ ಕೂತವರದಷ್ಟ ಚಿಂತಿ" ಎಂದರು.

ಆಮೇಲೆ ನನ್ನ ಕ್ಯಾಸೆಟ್ಟು ಬಂತು. ಮಲಗಿದಲ್ಲೇ ಗುಜರಾತಿ ಕಲಿಯಬಹುದು ಎಂದು ಅದರ ಡಬ್ಬದ ಮೇಲೆ ಬರೆದಿತ್ತು. ಕೂತು ಕಲಿಯಲು ಸೋಮಾರಿಯಾದ ನಾನು ಅದನ್ನು ಕೂಡಲೇ ನಂಬಿದೆ. ಕ್ಯಾಸೆಟ್ಟಿನ ಮಗ್ಗುಲನ್ನು ತಾನಾಗಿ ಬದಲಿಸುವ ಟೇಪ್ ರೆಕಾರ್ಡರೊಂದನ್ನು ತಂದು ದಿಂಬಿನ ಬಳಿ ಹಚ್ಚಿ, ರಾತ್ರಿಯಿಡೀ ಗೊರಕೆ ಹೊಡೆದೆ. ಬಾಯಿಯವರು ಎಚ್ಚರಿಸಿದ್ದರು: "ನಿದ್ದ್ಯಾಗ ಹೊಸಾ ಭಾಷಾ ಕಲೀಲಿಕ್ಕೆ ಆಗೂದಿಲ್ಲ. ಹಗಲು ಕಲ್ತದ್ದು ಅಲ್ಲಿ ಗಟ್ಟಿ ಆಗ್ತದ, ಅಷ್ಟ." ಕಾಲೇಜಿನವರಿಗೆ ಹೊಸ ವಿದ್ಯೆ ತಡವಾಗಿ ತಲುಪುತ್ತದೆ ಎಂದುಕೊಂಡೆ.

ನಾಲ್ಕು ತಿಂಗಳ ನಂತರ ನಾನೇ ಪರೀಕ್ಷೆ ಮಾಡಿ ಎಂದು ಅವರನ್ನು ಮೇಲೆ ಕರೆದೆ. ಮಾರ್ಕೆಟ್ಟಿನಿಂದ ಏನು ತಂದಿರಿ ಎಂದು ಗುಜರಾತಿಯಲ್ಲಿ ಕೇಳಿದರು. "ಮಜಾಮಾ" ಎಂದೆ. ಚೆನ್ನಾಗಿದ್ದೇನೆ ಎಂಬ ಆ ಒಂದೇ ಮಾತು ನನಗೆ ಬರುತ್ತಿದ್ದುದು. ಕಾಫಿ ತಂದ ವನಜಾ, ಬಲಿತ ಬದನೆಕಾಯಿ ತಂದಿದ್ದಾರೆ, ಕೊತ್ತಂಬರಿ ಮರೆತಿದ್ದಾರೆ ಎಂದು ನೀರು ಹರಿದಂತೆ ಗುಜರಾತಿಯಲ್ಲಿ ಹೇಳಿದಳು.

ಯಾವಾಗ ಕಲಿತೆ ಎಂದು ಕೇಳಿದೆ.

"ರಾತ್ರಿಯೆಲ್ಲ ತಲೆ ಹತ್ರ ಮಾತಾಡ್ತಿದ್ರೆ ನಿದ್ದೆ ಎಲ್ಲಿ ಬರುತ್ತೆ? ಕೇಳ್ತಾ ಮಲ್ಗಿರ್ತಿದ್ದೆ" ಎಂದಳು.

ನಾನು ನಕ್ಕೆ. ಬಾಯಿಯವರು ನಗಲಿಲ್ಲ. "ನಾಕು ತಿಂಗಳು ಬಾಜೂಕ ಒಬ್ರು ಎಚ್ಚರ ಇದ್ರು. ನಿಮಗ ಗೊತ್ತಾಗಲಿಲ್ಲ" ಎಂದು ಟೇಪ್ ರೆಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗೆ ಹೋದರು. ಮರುದಿನ ವನಜಾ ಎದ್ದಾಗ ಒಂಬತ್ತು ಗಂಟೆ. ಅಷ್ಟರಲ್ಲಿ ನಾನು ಉಪ್ಪಿಟ್ಟನ್ನೂ ಬಾಣಲೆಯನ್ನೂ ಕೆಡಿಸಿದ್ದೆ.

ನಿವೃತ್ತರಾಗಿ ಅವರು ಧಾರವಾಡದ ತಂಗಿಯ ಮನೆ ಸೇರಿದರು. ಎರಡು ವರ್ಷದ ಮೇಲೆ, ರಜೆಯಲ್ಲಿ ಊರಿಗೆ ಹೋಗುವಾಗ ನೋಡಲು ಹೋದೆವು. ಮಧ್ಯಾಹ್ನ, ಬಾಯಿಯವರು ಒಳಕೋಣೆಯಲ್ಲಿ ಮಲಗಿದ್ದರು. ಈಚೆಗೆ ಮೈ ಸರಿಯಿಲ್ಲ ಎಂದು ತಂಗಿ ಹೇಳಿದರು. ವನಜಾ, "ಎಬ್ಬಿಸ್ಲಾ?" ಎಂದಳು. ಪಾಠ ಕಲಿತ ವಿದ್ಯಾರ್ಥಿಯ ಗತ್ತಿನಲ್ಲಿ ಬೇಡವೆಂದೆ. ರೈಲಿನ ಹೊತ್ತಿನವರೆಗೆ ಪಡಸಾಲೆಯಲ್ಲಿ ಪಿಸುಮಾತಾಡುತ್ತ ಕೂತು, ಹೊರಟುಬಂದೆವು.

ತಿಂಗಳೊಪ್ಪತ್ತಿನಲ್ಲಿ ಅವರು ತೀರಿಕೊಂಡ ಕಾಗದ ಬಂತು. ನಾವು ಬಂದು ಹೋದದ್ದು ತಿಳಿದು, ಯಾಕೆ ಎಬ್ಬಿಸಲಿಲ್ಲ ಎಂದು ತಂಗಿಯ ಜೊತೆ ಎರಡು ದಿನ ಮಾತು ಬಿಟ್ಟಿದ್ದರಂತೆ.