ಭಾನುವಾರದ ಮಡಿಲಕ್ಕಿ

ಬ್ರೆಜಿಲ್ಲಿನ ಹುಡುಗಿ ಆಲ್ಕೊಳದ ನಮ್ಮ ಮನೆಗೆ ಬರುವುದಕ್ಕೆ ಒಂದು ವಾರ ಮುಂಚೆ ಅಪ್ಪ ನನ್ನ ಕೋಣೆಗೆ ಹೊಸ ಬಣ್ಣ ಹೊಡೆಸಿದರು. ಅಪ್ಪನ ಕ್ಲಬ್ಬಿನ ಯೋಜನೆ ಅದು. ಪರದೇಶದ ಮಕ್ಕಳನ್ನು ಹತ್ತು ತಿಂಗಳು ಮನೆಮಕ್ಕಳಂತೆ ಇಟ್ಟುಕೊಂಡು ಇಲ್ಲಿನ ಕಾಲೇಜಿಗೆ ಕಳಿಸಬೇಕು, ಮಲಗಲು ಬೇರೆ ಕೋಣೆ ಕೊಡಬೇಕು. ನಮ್ಮಲ್ಲಿ ಇದ್ದದ್ದೇ ಎರಡು ಕೋಣೆ. ಗಂಡನನ್ನು ಬಿಟ್ಟು ಬಂದ ನಾನು ಮೂರು ವರ್ಷದಿಂದ ಅದರಲ್ಲೊಂದನ್ನು ಹಿಡಿದು ಕೂತಿದ್ದೆ.

"ನಿನ್ನ ಸ್ಕೂಲ್ ಕೆಲಸ ಹೇಗೂ ಭದ್ರಾವತೀಲಿ. ಚಿಕ್ಕಮ್ಮನ ಮನೇಲಿದ್ರೆ ಬಸ್ಸಿನ ಗೋಳಾದ್ರೂ ತಪ್ಪುತ್ತೆ" ಅಂದರು ಅಪ್ಪ. ಮೂರು ವರ್ಷದಲ್ಲಿ ನನ್ನ ಬಸ್ಸಿನ ಗೋಳು ಅವರ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ನಾನು ಭದ್ರಾವತಿಯ ಕಾಗದನಗರದಲ್ಲಿದ್ದ ಚಿಕ್ಕಮ್ಮನ ಕ್ವಾರ್ಟರ್ಸಿಗೆ ಹೋದೆ. ಮೊದಲ ಭಾನುವಾರ ಮನೆಗೆ ಬಂದಾಗ ಅಮ್ಮ ಹುಡುಗಿಗೆ ನನ್ನನ್ನು ಪರಿಚಯಿಸಿದರು. ಮಗಳು, ಮದುವೆಯಾಗಿದೆ, ಭದ್ರಾವತಿಯಲ್ಲಿರ್ತಾಳೆ. ಒಂದೊಂದು ಮಾತೂ ನಿಜವೇ, ಒಟ್ಟು ಸೇರಿದರೆ ಹಸಿ ಸುಳ್ಳು. ನಾನು ಕಾಫಿ ಕುಡಿದೆ.

ಸಂಜೆ ಹೊರಟಾಗ ಅಮ್ಮ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ತಂದರು. ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲು ತುಂಬುವ ಪದ್ಧತಿಯನ್ನು ಹುಡುಗಿಗೆ ತೋರಿಸಬೇಕಿತ್ತಂತೆ. ಚೂಡಿದಾರದ ವೇಲನ್ನೇ ಒಡ್ಡಿ ನಿಂತೆ. ಹುಡುಗಿ ಫೋಟೊ ತೆಗೆದಳು. ಅದು ಕ್ಲಬ್ಬಿನ ಗ್ರೂಪಿನಲ್ಲಿ ಓಡಾಡಿತು, ಎಲ್ಲರೂ ಹೊಗಳಿದರು. ಅಲ್ಲಿಂದ ಪ್ರತಿ ಭಾನುವಾರವೂ ಅದೇ ಆಯಿತು. ಹೊಸದಾಗಿ ಮದುವೆಯಾದಾಗಲೂ ನನಗೆ ಅಷ್ಟು ಮಡಿಲಕ್ಕಿ ಸಿಕ್ಕಿರಲಿಲ್ಲ. ಚಿಕ್ಕಮ್ಮ ಆ ಅಕ್ಕಿ ಬೇಯಿಸುತ್ತಾ, "ನಿಮ್ಮಮ್ಮಂಗೆ ಬುದ್ಧಿ ಎಲ್ಲಿಗೆ ಹೋಗಿದೆ ಮಾರಾಯ್ತಿ" ಅನ್ನುತ್ತಿದ್ದರು.

ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳು ಒಳ್ಳೆಯವಳು. ಒಂದು ರಜೆಯ ದಿನ, ಯಾರಿಗೂ ಹೇಳದೆ ಬಸ್ಸು ಹತ್ತಿ ವಿಳಾಸ ಕೇಳಿಕೊಂಡು ಕಾಗದನಗರಕ್ಕೆ ಬಂದೇಬಿಟ್ಟಳು. ಕೈಯಲ್ಲಿ ಅವಳಮ್ಮ ಕಳಿಸಿದ ಚಾಕೊಲೇಟ್ ಡಬ್ಬಿ.

"ಭಾವ ಎಲ್ಲಿ ಅಕ್ಕಾ? ಇದು ಭಾವಂಗೆ."

ಚಿಕ್ಕಮ್ಮ ಒಳಗೆ ಹೋದರು. ನಾನು ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ, ಅವಳು ಮಲಗುವ ಮಂಚ ನನ್ನದೆನ್ನುವುದನ್ನೂ ಸೇರಿಸಿ. ಅವಳ ಮುಖ ಕೆಂಪಾಯಿತು. ಆಮೇಲೆ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿಕೊಂಡು ನಿಧಾನವಾಗಿ ಹೇಳಿದಳು. ಅವಳ ಅಪ್ಪ ಅಮ್ಮನೂ ಬೇರೆಬೇರೆ ಇದ್ದಾರೆ. ಇಬ್ಬರ ಮನೆಯಲ್ಲೂ ಅವಳಿಗೊಂದು ಕೋಣೆ ಇದೆ.

ಮುಂದಿನ ಭಾನುವಾರ ಅಮ್ಮ ಮೊರ ತಂದಾಗ ಅವಳು ಮೊಬೈಲ್ ತೆಗೆಯಲಿಲ್ಲ. ಅಮ್ಮ ಎರಡು ಸಲ ಕರೆದರು. ಅವಳು ತಲೆನೋವೆಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹತ್ತು ತಿಂಗಳಾದ ಮೇಲೆ ಅವಳು ಅತ್ತುಕೊಂಡು ಊರಿಗೆ ಹೋದಳು. ಮಾರನೇ ದಿನವೇ ನಾನು ಸೂಟ್‌ಕೇಸು ಹಿಡಿದು ಮನೆಗೆ ಬಂದೆ. ನನ್ನ ಕೋಣೆಯ ಮಂಚಕ್ಕೆ ಆಗಲೇ ಹೊಸ ಹೊದಿಕೆ ಹಾಸಿತ್ತು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಮುಂದಿನ ತಿಂಗಳು ಇನ್ನೊಬ್ಬಳು ಬರ್ತಾಳೆ. ಒಪ್ಕೊಂಡಾಗಿದೆ" ಅಂದರು.

"ಯಾವ್ದೋ ದೇಶದ ಮಕ್ಕಳಿಗೆಲ್ಲ ಇಲ್ಲಿ ಕೋಣೆ ಇದೆ. ಹೆತ್ತ ಮಗಳಿಗೆ ಯಾಕಿಲ್ಲ?" ಎಂದು ಕೂಗಿದೆ.

ಅಪ್ಪ ಪೇಪರಿನ ಪುಟ ತಿರುಗಿಸಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ದನಿ ಏರಿಸದೆ, ನನಗೇ ಸಮಾಧಾನ ಹೇಳುವವರಂತೆ ಅಂದರು:

"ಅವ್ರು ದಿನ ತುಂಬಿದ್ಮೇಲೆ ಹೋಗ್ತಾರೆ ಕಣೆ. ನೀನು ಹೋಗಲ್ವಲ್ಲ."