ಹೊಸ್ತಿಲಿಗೆ ಬಂದ ಪಾಕೀಟು

ಹಿರೇಗುಂಟನೂರಿನ ನಮ್ಮ ಓಣಿಯಲ್ಲಿ ಏಕನಾಥಮ್ಮ ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಕುರಿ ಮೇಯಿಸುವಾಗಲೂ ಆಕೆ ಕೂಗುತ್ತಿರಲಿಲ್ಲ. ನಾಲಿಗೆಯಿಂದ ಟಕ್ ಎನಿಸಿದರೆ ಸಾಕು, ಹಿಂಡು ತಿರುಗುತ್ತಿತ್ತು.

ಆಕೆಯ ಗಂಡ ಪಾಪಣ್ಣನಿಗೆ ಕುಡಿತದಿಂದ ಲಿವರ್ ಕೆಟ್ಟಿತ್ತು. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಚಿತ್ರದುರ್ಗದ ಡಾಕ್ಟರು ಹೇಳಿ ಕಳಿಸಿದ್ದರು. ಏಕನಾಥಮ್ಮ ಅವನನ್ನು ಬೀರಪ್ಪನ ಗುಡಿಗೆ ಕರೆದೊಯ್ದು ಭಂಡಾರ ಮುಟ್ಟಿಸಿ, "ಬ್ರಾಂದಿ ಅಂಗಡಿ ಹೊಸ್ತಿಲು ತುಳಿಯಲ್ಲ" ಎಂದು ಆಣೆ ಮಾಡಿಸಿದಳು. ದೇವರ ಆ ಅರಿಸಿನದ ಪುಡಿ ಮುಟ್ಟಿ ಆಡಿದ ಮಾತನ್ನು ನಮ್ಮ ಕುರುಬರಲ್ಲಿ ಮುರಿಯುವುದಿಲ್ಲ. ಪಾಪಣ್ಣನೂ ಮುರಿಯಲಿಲ್ಲ. ಅಂಗಡಿಯೇ ಮನೆಗೆ ಬಂತು.

ತರುತ್ತಿದ್ದವನು ಹನುಮೇಶ, ಆಕೆಯ ಸ್ವಂತ ಅಣ್ಣನ ಮಗ. ಫೋನ್ ಮಾಡಿದವರ ಮನೆಗೆಲ್ಲ ಬೈಕಿನಲ್ಲಿ ಬ್ರಾಂದಿ ಪಾಕೀಟು ಮುಟ್ಟಿಸುವುದೇ ಅವನ ಕಸುಬಾಗಿತ್ತು. ಒಂದು ಬೆಳಿಗ್ಗೆ ಕುರಿಹಟ್ಟಿಯಲ್ಲಿ ಮರಿಯೊಂದು ಖಾಲಿ ಪಾಕೀಟು ಜಗಿಯುತ್ತಿತ್ತು. ಅದನ್ನು ಕಿತ್ತುಕೊಂಡು ಏಕನಾಥಮ್ಮ ನೇರ ಚಿತ್ರದುರ್ಗದ ಅಬಕಾರಿ ಕಚೇರಿಗೆ ಹೋದಳು.

"ಮನೆಗೆ ತಂದು ಮಾರೋಕೆ ಕಾನೂನಲ್ಲಿ ಅವಕಾಶ ಇಲ್ಲಮ್ಮ" ಎಂದರು ಅಲ್ಲಿನ ಸಾಹೇಬರು. "ಲೈಸೆನ್ಸ್ ಇರೋದು ಅಂಗಡಿಗೆ ಮಾತ್ರ."

"ಮತ್ತೆ ಅವ್ನು ದಿನಾ ತರ್ತಾ ಅವ್ನಲ್ರಿ?"

"ಹಿಡಿದ್ರೆ ಸ್ವಂತಕ್ಕೆ ಅಂತಾನೆ. ಸ್ವಂತಕ್ಕೆ ಒಂದಿಷ್ಟು ಇಟ್ಕೊಂಡ್ರೆ ತಪ್ಪಿಲ್ಲ. ಸಾಕ್ಷಿ ತಗೊಂಡ್ ಬಾ."

"ನನ್ನ ಗಂಡನ ಹೆಣ ತಂದ್ರೆ ಸಾಕ್ಷಿ ಆಗ್ತೈತಾ?"

ಸಾಹೇಬರು ಫೋನ್ ನೋಡತೊಡಗಿದರು.

ಬಸ್ಸಿನಲ್ಲಿ ಊರು ಸೇರುವವರೆಗೂ ಆಕೆ ಮಾತುಗಳನ್ನು ಒಂದೊಂದಾಗಿ ಜೋಡಿಸಿದಳು. ಮೊದಲ ಆಣೆಯಲ್ಲಿ ಬಿಟ್ಟ ಸಂದು ಈ ಸಲ ಉಳಿಯಬಾರದಿತ್ತು. ಸಂಜೆ ಬೈಕು ನಿಂತಾಗ ಭಂಡಾರದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಏನತ್ತೆ, ಆರತಿ ಎತ್ತಾಕೆ ನಿಂತೀಯ?" ಎಂದು ಹನುಮೇಶ ನಕ್ಕ.

"ಮುಟ್ಟಲೇ. ಮನೇಲಾಗ್ಲಿ, ಹೊಲದಾಗಾಗ್ಲಿ, ದಾರೀಲಾಗ್ಲಿ, ನಿನ್ನ ಕೈಯಿಂದಾಗ್ಲಿ, ಬ್ಯಾರೇರ ಕೈಯಿಂದಾಗ್ಲಿ ನಿಮ್ಮ ಮಾವಂಗೆ ಕೊಡಲ್ಲ ಅನ್ನು."

ಅವನ ನಗು ನಿಂತಿತು. "ನಾನು ಬಿಟ್ರೆ ಇನ್ನೊಬ್ಬ ತರ್ತಾನೆ, ಅತ್ತೆ."

"ಆ ಇನ್ನೊಬ್ಬಂಗೂ ಇದೇ ತಟ್ಟೆ ಐತೆ. ಕಾನೂನಿಗೆ ಸುಳ್ಳು ಹೇಳ್ದಂಗೆ ಬೀರಪ್ಪಂಗೂ ಹೇಳು, ನೋಡಾನ."

ಆಕೆಯ ಏರಿದ ದನಿಗೆ ಓಣಿಯವರೆಲ್ಲ ಹೊರಗೆ ಬಂದರು. ಒಳಗಿಂದ ಪಾಪಣ್ಣ, "ಹೋಗ್ಲಿ ಬಿಡೇ, ಹುಡುಗ ಅವ್ನು" ಎಂದ.

"ನೀನು ಸುಮ್ನಿರು. ನಿಂದು ಆಮೇಲೈತೆ."

ಹನುಮೇಶ ಸುತ್ತ ನೋಡಿದ. ಚಪ್ಪಲಿ ಬಿಟ್ಟು, ತಟ್ಟೆ ಮುಟ್ಟಿ, ಆಕೆ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದ. ತಂದ ಚೀಲದೊಂದಿಗೆ ಹಾಗೇ ಹೋದ.

ಏಕನಾಥಮ್ಮ ಅದೇ ತಟ್ಟೆಯನ್ನು ಗಂಡನ ಮುಂದೆ ಹಿಡಿದಳು.

"ಈ ಸಲ ಅಂಗಡಿ ಹೆಸರು ಬ್ಯಾಡ. ನಿನ್ನ ಬಾಯಿ ಹೆಸರು ಹೇಳು, ಬಾಯಿಗೆ ಮುಟ್ಟಿಸಲ್ಲ ಅನ್ನು."

ಪಾಪಣ್ಣ ಗೋಡೆ ಕಡೆ ತಿರುಗಿದ. ಆಕೆ ತಟ್ಟೆ ಇಳಿಸಲಿಲ್ಲ. ಕೊನೆಗೆ ಅವನು ಭಂಡಾರಕ್ಕೆ ಕೈ ಚಾಚಿದ.